ಸಾಮಾಜಿಕ ಉದ್ಯಮವೊಂದನ್ನು ತೂಗಿ ನೋಡುವ ಬಗೆ

ಸಮಾಜದ ಒಂದು ಕೊರತೆಯನ್ನು ನೀಗಿಸಲು ವ್ಯಾಪಾರದ ದಾರಿ ಹಿಡಿದ ಸಂಸ್ಥೆಯೇ ಸಾಮಾಜಿಕ ಉದ್ಯಮ. ಆ ಹೆಸರು ಈಗ ಬಹಳ ಧಾರಾಳವಾಗಿ ಬಳಕೆಯಾಗುತ್ತಿದೆ. ಇಂತಹ ಸಂಸ್ಥೆಗೆ ಸಾಲ ಕೊಡುವವರಿರಲಿ, ದೇಣಿಗೆ ನೀಡುವವರಿರಲಿ, ಅಲ್ಲಿ ಕೆಲಸಕ್ಕೆ ಸೇರಬಯಸುವವರಿರಲಿ, ಅದರ ಬಗ್ಗೆ ವರದಿ ಬರೆಯಬೇಕಾದ ವಿದ್ಯಾರ್ಥಿಗಳಿರಲಿ, ಎಲ್ಲರಿಗೂ ಎದುರಾಗುವ ತೊಡಕು ಒಂದೇ: ಈ ಸಂಸ್ಥೆ ಅರ್ಥವ್ಯವಸ್ಥೆಯಲ್ಲಿ ನಿಜವಾಗಿ ಮಾಡುತ್ತಿರುವುದು ಏನು? ಉದ್ದೇಶವನ್ನು ಕೇಳಿದರೆ ಎಲ್ಲರ ಉತ್ತರವೂ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಉದ್ದೇಶವನ್ನು ಸದ್ಯಕ್ಕೆ ಬದಿಗಿಟ್ಟು, ಹಣ ಎಲ್ಲಿಂದ ಬಂತು, ಯಾವುದಕ್ಕೆ ಖರ್ಚಾಯಿತು, ಉಳಿದದ್ದು ಯಾರ ಕೈ ಸೇರಿತು ಎಂದು ಹುಡುಕುತ್ತ ಹೋಗುವುದೇ ಲೇಸು. ಇದಕ್ಕೆ ಬೇಕಾದದ್ದು ಸಂಸ್ಥೆಯ ಬೈಲಾ, ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧಿತ ಜಮಾ-ಖರ್ಚು, ಮತ್ತು ಕೆಲಸ ನಡೆಯುವ ಜಾಗದಲ್ಲಿ ಕಳೆಯಲು ಒಂದು ಇಡೀ ದಿನ.

ಮೊದಲು ಕೊರತೆಯನ್ನು ಬರೆದುಕೊಳ್ಳಿ

ಕಡತ ತೆರೆಯುವ ಮೊದಲು, ಸಂಸ್ಥೆ ಕಾಲಿಟ್ಟಿರುವ ಕ್ಷೇತ್ರದಲ್ಲಿ ಮಾರುಕಟ್ಟೆಯೂ ಸರ್ಕಾರವೂ ಮಾಡದೆ ಬಿಟ್ಟದ್ದು ಏನು ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದುಕೊಳ್ಳಿ. ‘ಬಡತನ’ ಎಂದೋ ‘ನಿರುದ್ಯೋಗ’ ಎಂದೋ ಬರೆದರೆ ಸಾಲದು, ಏಕೆಂದರೆ ಅಷ್ಟು ಅಗಲವಾದ ಮಾತಿನಿಂದ ಯಾವ ಉದ್ಯಮವನ್ನೂ ಅಳೆಯಲಾಗದು. ಕೊರತೆಯ ಕಾರಣಗಳು ಬೇರೆ ಬೇರೆ, ಅವುಗಳಿಗೆ ಮದ್ದೂ ಬೇರೆ ಬೇರೆ. ಕೆಲವೆಡೆ ಸೇವೆ ಬೇಕಾದವರಿಗೆ ಅದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ. ಕೆಲವೆಡೆ ಶಕ್ತಿ ಇದ್ದರೂ, ಕೊಳ್ಳುತ್ತಿರುವುದರ ಗುಣಮಟ್ಟವನ್ನು ಪರೀಕ್ಷಿಸುವ ಉಪಾಯ ಗ್ರಾಹಕನ ಬಳಿ ಇರುವುದಿಲ್ಲ. ವೃದ್ಧರ ಆರೈಕೆ, ಚಿಕ್ಕ ಮಕ್ಕಳ ಪಾಲನೆ, ಚಿಕಿತ್ಸೆ ಇವೆಲ್ಲ ಈ ಬಗೆಯವು. ಮತ್ತೆ ಕೆಲವೆಡೆ ದುಡಿಯಬಲ್ಲವರಿದ್ದಾರೆ, ಆದರೆ ಅವರನ್ನು ಕೆಲಸಕ್ಕೆ ಕರೆಯುವವರಿಲ್ಲ: ಸೆರೆಮನೆಯಿಂದ ಬಿಡುಗಡೆಯಾದವರು, ವಿಕಲಚೇತನರು, ವರ್ಷಗಟ್ಟಲೆ ಕೆಲಸವಿಲ್ಲದೆ ಉಳಿದವರು. ಇನ್ನು ತ್ಯಾಜ್ಯ ವಿಂಗಡಣೆಯಂತಹ ಕೆಲಸಗಳಲ್ಲಿ ಖರ್ಚು ಒಬ್ಬನದು, ಪ್ರಯೋಜನ ಸುತ್ತಲಿನ ಎಲ್ಲರದು. ಹಾಗಾಗಿ ಬರೀ ಲಾಭವನ್ನೇ ನೋಡುವವರು ಆ ಕಡೆ ಸುಳಿಯುವುದಿಲ್ಲ.

ಎರಡನೆಯ ಬಗೆಯ ಕೊರತೆಗೆ ಹಳೆಯ, ಒಳ್ಳೆಯ ನಿದರ್ಶನ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ್ದು. ಅಲ್ಲಿ ನೇಕಾರರು ಮತ್ತು ಇತರ ಕುಶಲಕರ್ಮಿಗಳ 28 ಮಂದಿಯ ಗುಂಪೊಂದು ಕೂಡಿಟ್ಟ ಹಣದಿಂದ 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆಯಿತು. ಕಲಬೆರಕೆ ಎಲ್ಲೆಡೆ ಮಾಮೂಲಾಗಿದ್ದ ಕಾಲದಲ್ಲಿ ಅವರು ಕೊಟ್ಟ ಮಾತು ಶುದ್ಧ ಸರಕು ಮತ್ತು ಸರಿಯಾದ ತೂಕ. ಆ ಮಾತನ್ನು ನಂಬಲು ಗ್ರಾಹಕರಿಗಿದ್ದ ಆಧಾರ ಯಾರದೋ ಸಜ್ಜನಿಕೆಯಾಗಿರಲಿಲ್ಲ. ಖರ್ಚು ಕಳೆದು ಉಳಿದ ಹಣ, ಯಾರು ಎಷ್ಟು ಕೊಂಡರೋ ಅದರ ಪ್ರಮಾಣದಲ್ಲಿ ಕೊಂಡವರಿಗೇ ಮರಳುತ್ತಿತ್ತು. ತನ್ನ ಸರಕಿಗೆ ತಾನೇ ಕಲಬೆರಕೆ ಮಾಡಿಕೊಂಡು ಗಳಿಸುವುದಾದರೂ ಏನು? ಕಾನೂನು ವಿದ್ವಾಂಸ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲಿ ಇದೇ ತರ್ಕವನ್ನು ಲಾಭರಹಿತ ಸಂಸ್ಥೆಗಳಿಗೆ ಅನ್ವಯಿಸಿ ವಿವರಿಸಿದರು. ಕೊಳ್ಳುವವನಿಗೆ ಗುಣಮಟ್ಟ ಕಾಣದ ಕಡೆ, ಉಳಿಕೆಯನ್ನು ಒಡೆಯರು ಹಂಚಿಕೊಳ್ಳುವಂತಿಲ್ಲ ಎಂಬ ಕಟ್ಟುಪಾಡೇ ನಂಬಿಕೆಗೆ ಜಾಮೀನಾಗುತ್ತದೆ ಎಂಬುದು ಅವರ ವಾದದ ತಿರುಳು.

ನೀವು ಬರೆದುಕೊಂಡ ಎರಡು ವಾಕ್ಯಗಳಲ್ಲಿ ಇಂತಹ ಯಾವ ಕಾರಣವೂ ಕಾಣದಿದ್ದರೆ, ನಿಮ್ಮ ಎದುರಿಗಿರುವುದು ಬಹುಶಃ ಒಂದು ಸಾಧಾರಣ ವ್ಯಾಪಾರ. ಅದೇನೂ ಅಪರಾಧವಲ್ಲ. ಅದಕ್ಕೆ ರಿಯಾಯಿತಿಯ ಬಡ್ಡಿ, ತೆರಿಗೆ ವಿನಾಯಿತಿ, ಸ್ವಯಂಸೇವಕರ ಬಿಟ್ಟಿ ದುಡಿಮೆ ಏಕೆ ಬೇಕು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಹಣ ಯಾರ ಜೇಬಿನಿಂದ ಬರುತ್ತಿದೆ

ಮುಂದಿನ ಹಂತದಲ್ಲಿ ಜಮಾ ಭಾಗವನ್ನು ನಾಲ್ಕು ಪಾಲು ಮಾಡಿ: ಸೇವೆ ಪಡೆದವರೇ ಕೊಟ್ಟದ್ದು, ಬೇರೆ ಗ್ರಾಹಕರು ಕೊಟ್ಟದ್ದು, ಸರ್ಕಾರ ಗುತ್ತಿಗೆಯ ಮೂಲಕ ಕೊಟ್ಟದ್ದು, ದೇಣಿಗೆ ಮತ್ತು ಅನುದಾನವಾಗಿ ಬಂದದ್ದು. ಒಂದು ವರ್ಷದ ಅಂಕಿ ಮೋಸ ಮಾಡುತ್ತದೆ. ಮೂರು ವರ್ಷಗಳದ್ದನ್ನು ಅಕ್ಕಪಕ್ಕ ಇಟ್ಟಾಗ ಯಾವ ಪಾಲು ಬೆಳೆಯುತ್ತಿದೆ, ಯಾವುದು ಸೊರಗುತ್ತಿದೆ ಎಂಬುದು ಕಾಣುತ್ತದೆ. ಮಾರಾಟದ ಆದಾಯ ಎಂದು ತೋರಿಸಿದ್ದರಲ್ಲಿ ದಾನಿಯೊಬ್ಬರು ಸದ್ಭಾವನೆಯಿಂದ ದುಪ್ಪಟ್ಟು ಬೆಲೆಗೆ ಕೊಂಡ ಸರಕೂ ಸೇರಿದೆಯೇ ಎಂದು ವಿಚಾರಿಸುವುದನ್ನು ಮರೆಯಬಾರದು.

ಎರಡನೆಯ ಪಾಲಿನ, ಎಂದರೆ ಒಬ್ಬ ಗ್ರಾಹಕನ ಹಣದಿಂದ ಇನ್ನೊಬ್ಬನ ಸೇವೆ ನಡೆಯುವ ಬಗೆಯನ್ನು ಅರಿಯಲು ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಹತ್ತಿರದಿಂದ ನೋಡಬೇಕು. ಡಾ. ಜಿ. ವೆಂಕಟಸ್ವಾಮಿ ಅವರು ನಿವೃತ್ತಿಯ ಬಳಿಕ, 1976ರಲ್ಲಿ, ಮಧುರೈನಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಸಂಸ್ಥೆ ಅದು. ಹಣ ಕೊಡಬಲ್ಲವರ ಶುಲ್ಕದಿಂದ ಕೊಡಲಾಗದವರ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ತೂಗಿಸುವುದು ಅಲ್ಲಿನ ಪದ್ಧತಿ. ಉಳ್ಳವರಿಂದ ಪಡೆದು ಇಲ್ಲದವರಿಗೆ ಕೊಡುವ ಕಥೆಯೆಂದು ಇದನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ನನಗೆ ಅದು ಅರ್ಧ ಕಥೆ ಎನಿಸುತ್ತದೆ. ಉಳಿದರ್ಧ ಇರುವುದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ. ಅಲ್ಲಿ ಒಬ್ಬ ವೈದ್ಯರಿಗೆ ಅಕ್ಕಪಕ್ಕದಲ್ಲಿ ಎರಡು ಮೇಜುಗಳಿರುತ್ತವೆ. ಒಂದರ ಮೇಲಿರುವ ರೋಗಿಯ ಕಣ್ಣಿನ ಪೊರೆಯನ್ನು ಅವರು ತೆಗೆಯುತ್ತಿರುವಾಗಲೇ, ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ದಾದಿಯರು ಸಿದ್ಧಪಡಿಸುತ್ತಾರೆ. ಮೊದಲನೆಯದು ಮುಗಿದೊಡನೆ ವೈದ್ಯರು ಸೂಕ್ಷ್ಮದರ್ಶಕವನ್ನು ಪಕ್ಕಕ್ಕೆ ತಿರುಗಿಸಿ ಎರಡನೆಯದನ್ನು ಶುರು ಮಾಡುತ್ತಾರೆ. ದೃಷ್ಟಿ ಪರೀಕ್ಷೆ, ಕಣ್ಣಿಗೆ ಹನಿ ಹಾಕುವುದು, ಪಟ್ಟಿ ಕಟ್ಟುವುದು, ರೋಗಿಗೆ ತಿಳಿವಳಿಕೆ ಹೇಳುವುದು, ಇವನ್ನೆಲ್ಲ ಹಳ್ಳಿಗಳಿಂದ ಆರಿಸಿ ತರಬೇತಿ ಕೊಟ್ಟ ಯುವತಿಯರೇ ನಿರ್ವಹಿಸುತ್ತಾರೆ. ಅತ್ಯಂತ ದುಬಾರಿಯಾದ ವೈದ್ಯರ ಸಮಯ, ವೈದ್ಯರಷ್ಟೇ ಮಾಡಬಲ್ಲ ಕೆಲಸಕ್ಕೆ ಮಾತ್ರ ಮೀಸಲು. ಕಟ್ಟಡ, ಯಂತ್ರ, ಸಂಬಳ ಇವುಗಳ ಸ್ಥಿರ ವೆಚ್ಚ ಹೆಚ್ಚು ರೋಗಿಗಳ ಮೇಲೆ ಹರಡಿದಂತೆ ಒಂದೊಂದು ಶಸ್ತ್ರಚಿಕಿತ್ಸೆಯ ಖರ್ಚು ಇಳಿಯುತ್ತದೆ, ಮತ್ತು ಹಾಗೆ ಇಳಿದದ್ದರಿಂದಲೇ ಒಬ್ಬರ ಶುಲ್ಕ ಇನ್ನೊಬ್ಬರಿಗೂ ಸಾಲುತ್ತದೆ. ಉಚಿತ ರೋಗಿಗಳನ್ನು ಹೊರಗಿಟ್ಟರೆ ಈ ಆಸ್ಪತ್ರೆಗೆ ಲಾಭ ಹೆಚ್ಚುತ್ತದೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಅಷ್ಟು ದೊಡ್ಡ ಸಂಖ್ಯೆಯೇ ವೈದ್ಯರ ಕೈ ಪಳಗಿಸಿದ್ದು, ಪದ್ಧತಿಯನ್ನು ತಿದ್ದಿದ್ದು.

ಆದ್ದರಿಂದ ಒಬ್ಬರ ಹಣದಲ್ಲಿ ಇನ್ನೊಬ್ಬರ ಸೇವೆ ಎಂದು ಹೇಳಿಕೊಳ್ಳುವ ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆ ಎರಡು. ಹಣ ಕೊಡುವ ಗ್ರಾಹಕ ಬೇರೆಡೆಗೆ ಹೋಗದೆ ಇಲ್ಲಿಗೇ ಏಕೆ ಬರುತ್ತಾನೆ? ಉಚಿತ ಸೇವೆಯ ಸಂಖ್ಯೆ ಹೆಚ್ಚಿದಾಗ ತಲಾ ಖರ್ಚು ಇಳಿಯುತ್ತದೆಯೇ, ಏರುತ್ತದೆಯೇ? ಎರಡನೆಯದಕ್ಕೆ ‘ಏರುತ್ತದೆ’ ಎಂಬ ಉತ್ತರ ಬಂದರೆ, ಆ ಸಂಸ್ಥೆ ಬೆಳೆದಷ್ಟೂ ಕಷ್ಟಕ್ಕೆ ಸಿಲುಕುತ್ತದೆ.

ಇದಕ್ಕೆ ವಿರುದ್ಧದ ಪಾಠವನ್ನು ಪ್ಲೇಪಂಪ್ ಕಲಿಸುತ್ತದೆ. ಮಕ್ಕಳು ಆಡುವ ತಿರುಗಣೆಯನ್ನೇ ನೀರೆತ್ತುವ ಪಂಪಿಗೆ ಜೋಡಿಸಿ, ಮೇಲೆ ಕಟ್ಟಿದ ತೊಟ್ಟಿಯ ಬದಿಗೆ ಜಾಹೀರಾತು ಹಚ್ಚಿ, ಆ ಆದಾಯದಿಂದ ದುರಸ್ತಿ ನಡೆಸುವ ಯೋಜನೆ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾಯಿತು. ನೋಡಿದವರೆಲ್ಲ ಮೆಚ್ಚಿದರು, 2006ರಲ್ಲಿ ಅಮೆರಿಕದಿಂದ ದೊಡ್ಡ ಮೊತ್ತದ ನೆರವು ಘೋಷಣೆಯಾಯಿತು. ಆದರೆ ದೂರದ ಹಳ್ಳಿಯ ತೊಟ್ಟಿಯ ಮೇಲೆ ಜಾಹೀರಾತು ಹಾಕಲು ಯಾವ ಕಂಪನಿಗೆ ಆಸಕ್ತಿ? ಜಾಹೀರಾತು ಇಲ್ಲವೆಂದರೆ ದುರಸ್ತಿಗೆ ಹಣವಿಲ್ಲ. ಮಕ್ಕಳು ಆಡದ ಹೊತ್ತಿನಲ್ಲಿ ಹೆಂಗಸರು ಆ ಭಾರದ ತಿರುಗಣೆಯನ್ನು ಕೈಯಿಂದ ತಿರುಗಿಸಬೇಕಾಯಿತು. ಘೋಷಿಸಿದ ಗುರಿಯಷ್ಟು ಜನರಿಗೆ ನೀರು ಒದಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆಂದು ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ನೀರು ಬೇಕಾದವರು, ಹಣ ಕೊಡಬೇಕಾದವರು, ಯಂತ್ರ ನಡೆಸಬೇಕಾದವರು, ಮೂವರೂ ಬೇರೆ ಬೇರೆಯಾಗಿದ್ದರು. ಮೂವರಿಗೂ ಅದರಲ್ಲಿ ಹಿತವಿದೆಯೇ ಎಂದು ಮೊದಲೇ ಕೇಳಿದ್ದರೆ ಸಾಕಿತ್ತು.

ಅನುದಾನದ ಪಾಲು ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಸಂಸ್ಥೆಯನ್ನು ತಳ್ಳಿಹಾಕಬೇಡಿ. ಆರಂಭದ ತರಬೇತಿಗೆ, ಯಂತ್ರಕ್ಕೆ, ಪ್ರಯೋಗಕ್ಕೆ ಖರ್ಚಾದ ಅನುದಾನ ಒಂದು ಬಗೆಯದು. ಪ್ರತಿ ತಿಂಗಳ ಬಾಡಿಗೆಯ ತೂತು ಮುಚ್ಚಲು ಬಂದದ್ದು ಇನ್ನೊಂದು ಬಗೆಯದು. ಮೊದಲನೆಯದರ ಅಗತ್ಯ ಒಂದಲ್ಲ ಒಂದು ದಿನ ಮುಗಿಯುತ್ತದೆ.

ಉಳಿಕೆ ಯಾರ ಕೈ ಸೇರುತ್ತದೆ

ಈಗ ಬೈಲಾ ತೆರೆಯಬೇಕು. ಲಾಭಾಂಶ ಹಂಚಿಕೆಯ ಬಗ್ಗೆ, ಆಸ್ತಿಯ ವಿಲೇವಾರಿಯ ಬಗ್ಗೆ, ಮತದಾನದ ಹಕ್ಕಿನ ಬಗ್ಗೆ ಅದರಲ್ಲಿ ಬರೆದಿರುವ ಕಲಮುಗಳನ್ನು ಗುರುತು ಹಾಕಿಕೊಳ್ಳಿ. ಬೇರೆ ಬೇರೆ ದೇಶಗಳ ಕಾನೂನು ಈ ವಿಷಯದಲ್ಲಿ ಬೇರೆ ಬೇರೆ ಬಿಗಿಯನ್ನು ಇಟ್ಟಿದೆ. ಭಾರತದ 2013ರ ಕಂಪನಿ ಕಾಯ್ದೆಯ 8ನೆಯ ಸೆಕ್ಷನ್ನಿನಡಿ ನೋಂದಾಯಿತವಾದ ಕಂಪನಿ ತನ್ನ ಸದಸ್ಯರಿಗೆ ಲಾಭಾಂಶವನ್ನೇ ಕೊಡುವಂತಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ಜಾರಿಯಲ್ಲಿರುವ ಸಮುದಾಯ ಹಿತಾಸಕ್ತಿ ಕಂಪನಿಯ ರೂಪದಲ್ಲಿ ಆಸ್ತಿಗೆ ಬೀಗ ಹಾಕಲಾಗಿದೆ, ಎಂದರೆ ಸಂಸ್ಥೆ ಮುಚ್ಚಿದರೂ ಅದರ ಆಸ್ತಿ ಇನ್ನೊಂದು ಸಾರ್ವಜನಿಕ ಉದ್ದೇಶಕ್ಕೇ ಹೋಗಬೇಕು. ಷೇರುದಾರರಿಗೆ ಲಾಭಾಂಶ ಕೊಡುವುದಾದರೆ ಹಂಚಬಹುದಾದ ಲಾಭದ ಶೇಕಡ 35ರ ಮಿತಿಯೊಳಗೆ ಕೊಡಬೇಕು. ಇಟಲಿಯ 1991ರ 381ನೆಯ ಕಾನೂನು ಸಾಮಾಜಿಕ ಸಹಕಾರ ಸಂಘಗಳನ್ನು ಎರಡು ಬಗೆಯಾಗಿ ವಿಂಗಡಿಸಿ, ಉದ್ಯೋಗ ಕೊಡುವ ಬಗೆಯವುಗಳಲ್ಲಿ ದುಡಿಯುವವರ ಪೈಕಿ ಕನಿಷ್ಠ ಶೇಕಡ 30ರಷ್ಟು ಮಂದಿ ಅವಕಾಶವಂಚಿತ ವರ್ಗಗಳವರಾಗಿರಬೇಕು ಎಂದಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2010ರಲ್ಲಿ ಮೊದಲು ಮಾನ್ಯ ಮಾಡಿದ ಬೆನಿಫಿಟ್ ಕಾರ್ಪೊರೇಷನ್ ಈ ಸಾಲಿನಲ್ಲಿ ಅತ್ಯಂತ ಸಡಿಲವಾದದ್ದು: ಸಮಾಜ ಮತ್ತು ಪರಿಸರದ ಹಿತವನ್ನು ನಿರ್ದೇಶಕರು ಗಮನದಲ್ಲಿಡಬೇಕು, ಆದರೆ ಲಾಭ ಹಂಚಿಕೆಗೆ ಮಿತಿಯಿಲ್ಲ. ಎದುರಿಗಿರುವ ಸಂಸ್ಥೆ ಯಾವ ರೂಪದ್ದು ಎಂಬುದನ್ನು ತಿಳಿದರೆ, ಅದು ಕೊಟ್ಟಿರುವ ಮಾತಿನಲ್ಲಿ ಎಷ್ಟು ಪಾಲು ಕಾನೂನಿನ ಬಲದ್ದು, ಎಷ್ಟು ಪಾಲು ಈಗಿನ ಮುಖ್ಯಸ್ಥರ ಮನಸ್ಸಿನದು ಎಂಬುದು ಸ್ಪಷ್ಟವಾಗುತ್ತದೆ. ಮುಖ್ಯಸ್ಥರು ಬದಲಾಗುತ್ತಾರೆ.

ಲಾಭಾಂಶವಿಲ್ಲ ಎಂದಮಾತ್ರಕ್ಕೆ ಹಣ ಹೊರಗೆ ಹರಿಯುತ್ತಿಲ್ಲ ಎಂದಲ್ಲ. ಸ್ಥಾಪಕರ ಸ್ವಂತ ಕಟ್ಟಡಕ್ಕೆ ಕೊಡುವ ಬಾಡಿಗೆ, ಬಂಧುಗಳ ಕಂಪನಿಯಿಂದ ಖರೀದಿ, ಆಡಳಿತ ಮಂಡಳಿಯ ಸದಸ್ಯರೇ ಕೊಟ್ಟ ಸಾಲದ ಬಡ್ಡಿ, ಇವೆಲ್ಲ ಲಾಭ ಹಂಚಿಕೆಯ ಹಿತ್ತಿಲ ಬಾಗಿಲುಗಳು. ಲೆಕ್ಕಪರಿಶೋಧಕರ ವರದಿಯಲ್ಲಿ ಸಂಬಂಧಿತ ಪಕ್ಷಗಳೊಂದಿಗಿನ ವ್ಯವಹಾರ ಎಂಬ ಟಿಪ್ಪಣಿ ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ನಾನು ವರದಿಯನ್ನು ಅಲ್ಲಿಂದಲೇ ಓದಲು ಶುರು ಮಾಡುವುದು. ಮುಖಪುಟದ ನಗುಮುಖಗಳನ್ನು ಆಮೇಲೆ ನೋಡಿದರಾಯಿತು.

ಮೆಕ್ಸಿಕೊದ ಕಂಪಾರ್ತಾಮೋಸ್ ಬ್ಯಾಂಕಿನ ಪ್ರಕರಣವನ್ನು ಈ ಹಂತದಲ್ಲಿ ನೆನೆಯಬೇಕು. 1990ರಲ್ಲಿ ಲಾಭರಹಿತ ಸಂಸ್ಥೆಯಾಗಿ ಬಡ ಮಹಿಳೆಯರಿಗೆ ಕಿರುಸಾಲ ಕೊಡಲಾರಂಭಿಸಿದ ಅದು ಬ್ಯಾಂಕಾಗಿ ಬೆಳೆದು, 2007ರಲ್ಲಿ ಷೇರುಪೇಟೆಗೆ ಬಂದಿತು. ಹಳೆಯ ಷೇರುದಾರರು ಸುಮಾರು ಶೇಕಡ 30ರಷ್ಟು ಷೇರುಗಳನ್ನು ಮಾರಿದರು. ಮಾರಾಟದ ಹಣ ಅವರಿಗೆ ಹೋಯಿತೇ ಹೊರತು ಬ್ಯಾಂಕಿಗೆ ಹೊಸ ಬಂಡವಾಳವಾಗಿ ಬರಲಿಲ್ಲ. ಮಾರಿದವರಲ್ಲಿ ಸಾರ್ವಜನಿಕ ಉದ್ದೇಶದ ಸಂಸ್ಥೆಗಳೂ ಇದ್ದವು, ಖಾಸಗಿ ವ್ಯಕ್ತಿಗಳೂ ಇದ್ದರು. ಬಾಂಗ್ಲಾದೇಶದಲ್ಲಿ 1976ರಲ್ಲಿ ಕಿರುಸಾಲದ ಪ್ರಯೋಗ ಆರಂಭಿಸಿ 1983ರಲ್ಲಿ ಗ್ರಾಮೀಣ ಬ್ಯಾಂಕ್ ಕಟ್ಟಿದ ಮುಹಮ್ಮದ್ ಯೂನುಸ್ ಅವರು ಇದನ್ನು ಕಟುವಾಗಿ ಟೀಕಿಸಿದರು; ಬಂಡವಾಳ ಪೇಟೆಯ ದಾರಿಯಿಲ್ಲದೆ ಇಷ್ಟು ಜನರನ್ನು ತಲುಪಲಾಗದು ಎಂಬುದು ಬ್ಯಾಂಕಿನ ಸಮರ್ಥಕರ ಉತ್ತರವಾಗಿತ್ತು. ಇಬ್ಬರಲ್ಲಿ ಯಾರು ಸರಿ ಎಂದು ನಿರ್ಧರಿಸುವ ಮೊದಲು ಗಮನಿಸಬೇಕಾದದ್ದು ಷೇರುಗಳ ಬೆಲೆಯ ಮೂಲ. ಅದು ಸಾಲ ಪಡೆದವರು ಕಟ್ಟಿದ ಹೆಚ್ಚಿನ ಬಡ್ಡಿಯಿಂದ ಕೂಡಿಬಂದ ಲಾಭ. ನೀವು ನೋಡುತ್ತಿರುವ ಸಂಸ್ಥೆಯಲ್ಲೂ ಉಳಿಕೆಯ ಮೂಲ ಯಾವುದು ಎಂಬುದನ್ನು ಹೀಗೆಯೇ ಹಿಂದಕ್ಕೆ ಹುಡುಕಿ: ಅದು ದಕ್ಷತೆಯಿಂದ ಬಂದದ್ದೇ, ಬೇರೆ ದಾರಿಯಿಲ್ಲದ ಗ್ರಾಹಕನಿಂದ ಬಂದದ್ದೇ?

ಅದಿಲ್ಲದಿದ್ದರೆ ಏನಾಗುತ್ತಿತ್ತು

ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಹಂತ ಇದು, ಮತ್ತು ಬಹಳಷ್ಟು ವಾರ್ಷಿಕ ವರದಿಗಳು ಜಾರಿಕೊಳ್ಳುವುದೂ ಇಲ್ಲಿಯೇ. ‘ಇಷ್ಟು ಮಂದಿಗೆ ಕೆಲಸ ಕೊಟ್ಟೆವು’ ಎಂಬುದು ಎಣಿಕೆ. ಕೆಲಸ ಕೊಡದಿದ್ದರೆ ಅವರಲ್ಲಿ ಎಷ್ಟು ಮಂದಿ ಬೇರೆಡೆ ದುಡಿಯುತ್ತಿದ್ದರು, ಈ ಸಂಸ್ಥೆಯ ಅಗ್ಗದ ದರದಿಂದ ಬೇರೆಡೆ ಎಷ್ಟು ಮಂದಿ ಕೆಲಸ ಕಳೆದುಕೊಂಡರು ಎಂಬುದನ್ನು ಕಳೆದ ಮೇಲೆ ಉಳಿಯುವುದು ಮಾತ್ರ ಪರಿಣಾಮ.

ಒಂದು ಕಲ್ಪಿತ ಕಾರ್ಯಾಗಾರವನ್ನು ತೆಗೆದುಕೊಳ್ಳೋಣ; ಹಣವನ್ನು ‘ಘಟಕ’ಗಳಲ್ಲಿ ಎಣಿಸೋಣ. ದೀರ್ಘಕಾಲ ಕೆಲಸ ಸಿಗದೆ ಇದ್ದ 20 ಮಂದಿ ಅಲ್ಲಿ ಹಳೆಯ ವಿದ್ಯುತ್ ಉಪಕರಣಗಳನ್ನು ದುರಸ್ತಿ ಮಾಡುತ್ತಾರೆ. ವರ್ಷದ ಜಮಾ 100 ಘಟಕ. ಅದರಲ್ಲಿ ಮಾರಾಟದಿಂದ 76, ಸರ್ಕಾರದ ಅನುದಾನದಿಂದ 24. ಖರ್ಚಿನಲ್ಲಿ ಆ 20 ಮಂದಿಯ ಕೂಲಿ 52, ತರಬೇತುದಾರರು ಮತ್ತು ಆಡಳಿತಕ್ಕೆ 15, ಬಿಡಿಭಾಗಗಳಿಗೆ 22, ಬಾಡಿಗೆ ಮತ್ತು ವಿದ್ಯುತ್ತಿಗೆ 8. ಉಳಿಕೆ 3. ಅನುದಾನವಿಲ್ಲದಿದ್ದರೆ 21 ಘಟಕ ನಷ್ಟ ಎಂದು ಕಂಡ ಕೂಡಲೇ, ಇದು ತನ್ನ ಕಾಲಿನ ಮೇಲೆ ತಾನು ನಿಲ್ಲಲಾಗದ ಸಂಸ್ಥೆ ಎಂದು ಬರೆದುಬಿಡುವವರುಂಟು.

ಆದರೆ ಕೆಲಸವಿಲ್ಲದಿದ್ದಾಗ ಈ ಒಬ್ಬೊಬ್ಬರಿಗೂ ಸರ್ಕಾರ ವರ್ಷಕ್ಕೆ 1 ಘಟಕ ಭತ್ಯೆ ಕೊಡುತ್ತಿತ್ತು ಎಂದಿಟ್ಟುಕೊಳ್ಳಿ. ಸಂಸ್ಥೆಯ ವರದಿ ‘ಸರ್ಕಾರಕ್ಕೆ 20 ಘಟಕ ಉಳಿಸಿದೆವು’ ಎನ್ನುತ್ತದೆ. ತಡೆಯಿರಿ. ವಿಚಾರಿಸಿದಾಗ ಇವರಲ್ಲಿ 6 ಮಂದಿಗೆ ಆ ವರ್ಷ ಹೇಗೂ ಬೇರೆಡೆ ಕೆಲಸ ಸಿಗುತ್ತಿತ್ತು ಎಂದು ತೋರಿದರೆ, ಲೆಕ್ಕಕ್ಕೆ ಬರುವವರು 14 ಮಂದಿ. ಉಳಿದ ಭತ್ಯೆ 14 ಘಟಕ. ಒಬ್ಬರ ಕೂಲಿ 2.6 ಘಟಕ, ಅದರ ಮೇಲೆ ಶೇಕಡ 10 ತೆರಿಗೆ ಎಂದರೆ 14 ಮಂದಿಯಿಂದ 3.64 ಘಟಕ. ಒಟ್ಟು 17.64 ಘಟಕ ಸರ್ಕಾರದ ಬೊಕ್ಕಸಕ್ಕೆ ಹಿಂತಿರುಗಿತು. ಕೊಟ್ಟ 24ರಲ್ಲಿ ನಿಜವಾಗಿ ಖರ್ಚಾದದ್ದು 6.36. ಅತ್ತ ಆ 14 ಮಂದಿಯ ಕೈಗೆ, ತೆರಿಗೆಯನ್ನೂ ಕೈಬಿಟ್ಟುಹೋದ ಭತ್ಯೆಯನ್ನೂ ಕಳೆದ ಮೇಲೆ, 18.76 ಘಟಕ ಹೆಚ್ಚುವರಿಯಾಗಿ ಬಂದಿತು. ಪಕ್ಕದ ಖಾಸಗಿ ದುರಸ್ತಿ ಮಳಿಗೆಯೊಂದು ಗಿರಾಕಿಗಳನ್ನು ಕಳೆದುಕೊಂಡು ಇಬ್ಬರನ್ನು ಕೆಲಸದಿಂದ ಬಿಡಿಸಿದ್ದರೆ 14ನ್ನು 12ಕ್ಕೆ ಇಳಿಸಿ; ಆಗ ಬೊಕ್ಕಸಕ್ಕೆ ಬಿದ್ದ ನಿವ್ವಳ ಖರ್ಚು 8.88 ಆಗುತ್ತದೆ. ಸಂಸ್ಥೆ ಹೇಳಿಕೊಂಡಷ್ಟು ಅಗ್ಗವೂ ಅಲ್ಲ, ಟೀಕಾಕಾರರು ಹೇಳಿದಷ್ಟು ದುಬಾರಿಯೂ ಅಲ್ಲ. ಆ 6 ಎಂಬ ಅಂಕಿಯನ್ನು ಅಂದಾಜು ಮಾಡುವುದೇ ಇಲ್ಲಿನ ನಿಜವಾದ ಶ್ರಮ: ಅದೇ ಪ್ರದೇಶದಲ್ಲಿ, ಅದೇ ವಯಸ್ಸಿನ, ಅದೇ ಹಿನ್ನೆಲೆಯ, ಆದರೆ ಈ ಕಾರ್ಯಾಗಾರಕ್ಕೆ ಸೇರದಿದ್ದವರಲ್ಲಿ ಎಷ್ಟು ಮಂದಿಗೆ ವರ್ಷದೊಳಗೆ ಕೆಲಸ ಸಿಕ್ಕಿತು ಎಂಬುದನ್ನು ನೋಡಿ ಹೋಲಿಸಬೇಕು. ಇಷ್ಟು ಮಾಡದೆ ‘ಹೂಡಿದ ಒಂದಕ್ಕೆ ಏಳರಷ್ಟು ಸಾಮಾಜಿಕ ಪ್ರತಿಫಲ’ ಎಂಬಂತಹ ಒಂದೇ ಅನುಪಾತವನ್ನು ಕೊಡುವ ವರದಿಗಳನ್ನು ನಾನು ನಂಬುವುದಿಲ್ಲ.

ಈ ಹೋಲಿಕೆ ಎಷ್ಟು ಮುಖ್ಯ ಎಂಬುದನ್ನು ಕಿರುಸಾಲವೇ ತೋರಿಸಿಕೊಟ್ಟಿದೆ. 2006ರಲ್ಲಿ ಯೂನುಸ್ ಮತ್ತು ಗ್ರಾಮೀಣ ಬ್ಯಾಂಕಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಸಾಲವೊಂದರಿಂದಲೇ ಬಡತನ ನೀಗುತ್ತದೆ ಎಂಬ ಭರವಸೆ ಹರಡಿತ್ತು. ಬಳಿಕ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ಈ ಆರು ದೇಶಗಳಲ್ಲಿ, ಸಾಲ ಲಭ್ಯವಾದವರನ್ನೂ ಆಗದವರನ್ನೂ ಚೀಟಿ ಎತ್ತಿದಂತೆ ಆರಿಸಿ ಹೋಲಿಸಿದ ಅಧ್ಯಯನಗಳು ನಡೆದು, 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಾಲದಿಂದ ಸಣ್ಣ ವ್ಯಾಪಾರಗಳು ಕೊಂಚ ಬೆಳೆದವು, ಮನೆಗಳಿಗೆ ಹಣ ಹೊಂದಿಸಿಕೊಳ್ಳುವ ಅನುಕೂಲ ಹೆಚ್ಚಿತು. ಆದರೆ ಸರಾಸರಿ ಕುಟುಂಬದ ಆದಾಯದಲ್ಲಿ ಬದುಕನ್ನೇ ಬದಲಿಸುವಂತಹ ಏರಿಕೆ ಕಾಣಲಿಲ್ಲ. ಕಿರುಸಾಲ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಅದು ಒಂದು ಹಣಕಾಸು ಸೇವೆ. ಸೇವೆಯಾಗಿ ಅದರ ಬೆಲೆ ಏನು, ಗುಣ ಏನು ಎಂದು ನೋಡಬೇಕು.

ಒಂದು ದಿನದ ಭೇಟಿ

ಮುಂಚಿತವಾಗಿ ಹೇಳಿ ಹೋಗಿ, ಆದರೆ ಸ್ವಾಗತ ಸಮಾರಂಭದ ಹೊತ್ತಿಗೆ ಬೇಡ. ಕೆಲಸ ಶುರುವಾಗುವ ಮೊದಲೇ ತಲುಪಿ. ದುಡಿಯುವವರನ್ನು ಮೇಲ್ವಿಚಾರಕರಿಲ್ಲದ ಕಡೆ ಮಾತನಾಡಿಸಿ, ಕಳೆದ ತಿಂಗಳ ಕೂಲಿ ಯಾವ ದಿನ ಕೈಸೇರಿತು ಎಂದು ಕೇಳಿ. ತಡವಾದ ಕೂಲಿ ಹೇಳುವಷ್ಟನ್ನು ಯಾವ ಸಮೀಕ್ಷೆಯೂ ಹೇಳದು. ಸಂಸ್ಥೆಯನ್ನು ಬಿಟ್ಟುಹೋದವರು ಎಲ್ಲಿಗೆ ಹೋದರು ಎಂಬುದನ್ನೂ ವಿಚಾರಿಸಿ: ತರಬೇತಿ ಪಡೆದು ಹೊರಗಿನ ಕೆಲಸಕ್ಕೆ ಸೇರಿದವರಿದ್ದರೆ ಅದು ಸೇತುವೆಯಂತೆ ಕೆಲಸ ಮಾಡುತ್ತಿದೆ, ಹತ್ತು ವರ್ಷಗಳಿಂದ ಅದೇ ಮಂದಿ ಅದೇ ಕೂಲಿಗೆ ಇದ್ದರೆ ಅದು ಆಶ್ರಯ. ಎರಡಕ್ಕೂ ಅರ್ಥವ್ಯವಸ್ಥೆಯಲ್ಲಿ ಜಾಗವಿದೆ, ಆದರೆ ಆಶ್ರಯವನ್ನು ಸೇತುವೆ ಎಂದು ಹೇಳಿ ಅನುದಾನ ಕೇಳಬಾರದು.

ಸುತ್ತಲಿನವರು ಏನು ಕಲಿತರು

ವಹಿವಾಟಿನ ಗಾತ್ರದಿಂದ ಅಳೆದರೆ ಹೆಚ್ಚಿನ ಸಾಮಾಜಿಕ ಉದ್ಯಮಗಳು ಸಣ್ಣವೇ. ಆದರೂ ವಿಶ್ವಸಂಸ್ಥೆಯ ಮಹಾಸಭೆ 2023ರ ಏಪ್ರಿಲ್‌ನಲ್ಲಿ ಸಾಮಾಜಿಕ ಮತ್ತು ಸೌಹಾರ್ದ ಅರ್ಥವ್ಯವಸ್ಥೆಯ, ಎಂದರೆ ಸಹಕಾರ ಸಂಘ, ಸಾಮಾಜಿಕ ಉದ್ಯಮ ಮುಂತಾದವುಗಳ ಬಗ್ಗೆಯೇ ಒಂದು ನಿರ್ಣಯ ಅಂಗೀಕರಿಸಿತು. ನನ್ನ ದೃಷ್ಟಿಯಲ್ಲಿ ಇವುಗಳ ದೊಡ್ಡ ಕೊಡುಗೆ ಇವುಗಳ ಸ್ವಂತ ಲೆಕ್ಕಪುಸ್ತಕದ ಹೊರಗಿರುತ್ತದೆ. ಅರವಿಂದ ಸಂಸ್ಥೆಯವರು ಆಮದು ಲೆನ್ಸಿನ ದುಬಾರಿ ಬೆಲೆಯಿಂದ ಬೇಸತ್ತು 1992ರಲ್ಲಿ ಅರೋಲ್ಯಾಬ್ ಎಂಬ ತಯಾರಿಕಾ ಘಟಕ ತೆರೆದರು. ಕಣ್ಣಿನೊಳಗೆ ಕೂರಿಸುವ ಲೆನ್ಸನ್ನು ಅದು ಹಲವು ಪಟ್ಟು ಕಡಿಮೆ ಬೆಲೆಗೆ ಮಾಡಿ ಹಲವಾರು ದೇಶಗಳಿಗೆ ಕಳುಹಿಸತೊಡಗಿದ ಮೇಲೆ, ಈ ಆಸ್ಪತ್ರೆಯ ಹೆಸರೂ ಕೇಳಿರದ ಊರುಗಳ ರೋಗಿಗಳಿಗೆ ಲಾಭವಾಯಿತು. ಹಾಗಾಗಿ ನಿಮ್ಮ ಪರಿಶೀಲನೆಯಲ್ಲಿ ಇದಕ್ಕೂ ಒಂದು ಪುಟ ಬಿಡಿ. ಸಂಸ್ಥೆಯ ಪದ್ಧತಿಯನ್ನು ಖಾಸಗಿ ಪೈಪೋಟಿದಾರರು ಅನುಕರಿಸಿದ್ದಾರೆಯೇ, ಸರ್ಕಾರ ತನ್ನ ಯೋಜನೆಯಲ್ಲಿ ಅಳವಡಿಸಿಕೊಂಡಿದೆಯೇ, ಅದರ ಕಾರಣದಿಂದ ಪೇಟೆಯಲ್ಲಿ ಬೆಲೆ ಇಳಿಯಿತೇ ಎಂಬುದನ್ನು ಆ ಕ್ಷೇತ್ರದ ಇತರರನ್ನೇ ಕೇಳಿ ತಿಳಿಯಬೇಕು. ಸಂಸ್ಥೆಯವರನ್ನು ಕೇಳಿದರೆ ಉತ್ತರ ಹೌದು ಎಂದೇ ಬರುತ್ತದೆ.

ಮುಚ್ಚುವ ದಿನದ ಪ್ರಶ್ನೆ

ಕೊನೆಯದಾಗಿ, ಸಂಸ್ಥೆ ನಾಳೆ ಮುಚ್ಚಿದರೆ ಏನಾಗುತ್ತದೆ ಎಂದು ಆಡಳಿತ ಮಂಡಳಿಯನ್ನು ನೇರವಾಗಿ ಕೇಳಿ. ಸ್ಪೇನಿನ ಬಾಸ್ಕ್ ಪ್ರಾಂತ್ಯದಲ್ಲಿ ಪಾದ್ರಿ ಹೊಸೆ ಮರಿಯಾ ಅರಿಸ್ಮೆಂದಿಯಾರಿಯೆತ ಅವರ ಪ್ರೇರಣೆಯಿಂದ 1956ರಲ್ಲಿ ಮೊದಲ ಕಾರ್ಖಾನೆ ತೆರೆದ ಮಾಂದ್ರಗೋನ್ ಸಹಕಾರ ಸಂಘಗಳ ಒಕ್ಕೂಟ ಕಾರ್ಮಿಕರೇ ಒಡೆಯರಾದ ಉದ್ಯಮಗಳಲ್ಲಿ ಜಗತ್ತಿನಲ್ಲೇ ಹೆಸರಾದದ್ದು. ಅದರ ಗೃಹೋಪಕರಣ ಘಟಕವಾದ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಒಕ್ಕೂಟ ಅದನ್ನು ಉಳಿಸಲಾಗಲಿಲ್ಲ. ಆದರೆ ಒಕ್ಕೂಟದ ನಿಯಮಗಳಲ್ಲಿ ಮೊದಲೇ ಇದ್ದ ಏರ್ಪಾಟಿನಿಂದಾಗಿ ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಬಹಳಷ್ಟು ಮಂದಿಗೆ ಇತರ ಸಂಘಗಳಲ್ಲಿ ಜಾಗ ದೊರೆಯಿತು, ಇನ್ನು ಕೆಲವರಿಗೆ ಅವಧಿಪೂರ್ವ ನಿವೃತ್ತಿಯ ಅನುಕೂಲ ಸಿಕ್ಕಿತು. ಅತ್ತ, ಸದಸ್ಯರು ಫಾಗೋರ್‌ಗೆ ನೀಡಿದ್ದ ಉಳಿತಾಯದ ಹಣ ದಿವಾಳಿತನದಲ್ಲಿ ಸಿಲುಕಿತು. ಎರಡೂ ಒಂದೇ ನಿಯಮಾವಳಿಯ ಫಲಗಳು.

ನೀವು ಪರಿಶೀಲಿಸುತ್ತಿರುವ ಸಂಸ್ಥೆಯ ಬೈಲಾದಲ್ಲಿ ವಿಸರ್ಜನೆಯ ಕಲಮನ್ನು ಓದಿ, ಆಸ್ತಿ ಯಾರಿಗೆ ಹೋಗುತ್ತದೆ, ದುಡಿಯುವವರ ಬಾಕಿ ಯಾವ ಸಾಲಿನಲ್ಲಿ ನಿಲ್ಲುತ್ತದೆ, ಮೀಸಲು ನಿಧಿ ಎಷ್ಟು ತಿಂಗಳ ಕೂಲಿಗೆ ಸಾಲುತ್ತದೆ ಎಂಬುದನ್ನು ಬರೆದುಕೊಳ್ಳಿ. ಮೀಸಲು ಮೂರು ತಿಂಗಳಿಗಿಂತ ಕಡಿಮೆಯಿದ್ದು, ಮುಖ್ಯ ಅನುದಾನದ ಅವಧಿ ಒಂದು ವರ್ಷದೊಳಗೆ ಮುಗಿಯುವುದಾದರೆ, ಉಳಿದೆಲ್ಲ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕಿದ್ದರೂ ತೀರ್ಮಾನವನ್ನು ಆ ಅನುದಾನ ನವೀಕರಣವಾಗುವ ತನಕ ಮುಂದಕ್ಕೆ ಹಾಕಿ, ಆ ದಿನಾಂಕವನ್ನು ನಿಮ್ಮ ವರದಿಯ ಮೊದಲ ಪುಟದಲ್ಲೇ ನಮೂದಿಸಿ.